ಕಡಲ ಕಡೆಗೊಂದು ಕಿಟಕಿ

ಟೋರುನ್ ಹೌಗ್‌ಸ್ಟಾ ಮುಟ್ಟಿದ ಕೆಲಸ ತಡವಾದದ್ದೇ ಇಲ್ಲ. ನಾರ್ವೆಯ ಪಶ್ಚಿಮ ಕರಾವಳಿಯ ಸ್ಕಾರ್ವ್‌ನೆಸ್ ಪುರಸಭೆಯಲ್ಲಿ ಕಟ್ಟಡಗಳ ಉಸ್ತುವಾರಿ ಅವಳದು, ಇಪ್ಪತ್ತಾರು ವರ್ಷದಿಂದ. ಗೋಡೆಯ ಮೇಲಿನ ವೇಳಾಪಟ್ಟಿಯ ಹಾಳೆಗೆ, ತೊಡಕಿದ್ದರೆ ಕೆಂಪು, ನಡೆಯುತ್ತಿದ್ದರೆ ಹಳದಿ, ಮುಗಿದರೆ ಹಸಿರು ಚೀಟಿ ಅಂಟಿಸುತ್ತಿದ್ದಳು. ಹಾಳೆಯಲ್ಲಿಲ್ಲದ ಲೆಕ್ಕವೊಂದು ಬೇರೆ ಇತ್ತು. ಬಡಗಿಗಳು ಬೈದಾಡಿಕೊಂಡು ಕಾಫಿ ಕುಡಿದರೆ ಕೆಲಸ ನೆಟ್ಟಗಿದೆ, ಮರ್ಯಾದೆಯಿಂದ ಮಾತಾಡಿದರೆ ಎಲ್ಲೋ ಎಡವಟ್ಟಾಗಿದೆ.

ಕೊಲ್ಲಿ ದಾಟಿಸುವ ಫೆರಿ ದೋಣಿಯ ಕಟ್ಟೆಯಲ್ಲಿ ಹೊಸ ಕಾಯುವ ಕೋಣೆಯನ್ನಂತೂ ಗಡುವಿಗೆ ಮೂರು ವಾರ ಮೊದಲೇ ಮುಗಿಸಿದಳು. ಎಲ್ಲ ಚೀಟಿ ಹಸಿರು. ಬೆಚ್ಚಗಿನ ಬೆಂಚು, ಗಟ್ಟಿ ಬಾಗಿಲು. ಕೂರುವವರು ಮಾತ್ರ ಯಾರೂ ಇಲ್ಲ.

ಯಾಕೆಂದರೆ ಗಾಳಿ ಬಡಿಯುತ್ತದೆಂದು ಕಡಲ ಕಡೆಯ ಗೋಡೆಗೆ ಕಿಟಕಿಯನ್ನೇ ಇಟ್ಟಿರಲಿಲ್ಲ. ಒಳಗೆ ಕೂತರೆ ಕಾಣುವುದು ಕಾರು ನಿಲ್ಲಿಸುವ ಜಾಗ, ಬರುವ ಫೆರಿಯಲ್ಲ. ಫೆರಿ ನಿಲ್ಲುವುದು ಮೂರೇ ನಿಮಿಷ, ಅದು ಯಾರಪ್ಪನಿಗೂ ಕಾಯುವುದಿಲ್ಲ. ಕಾರಿದ್ದವರು ಕಾರಲ್ಲೇ ಕೂತರು. ಎಂಬತ್ತೊಂದರ ಓಸ್‌ಲೌಗ್ ಅಜ್ಜಿ ಕೋಣೆಯ ಹೊರಗೆ ಮಳೆಯಲ್ಲಿ ನಿಂತಳು.

"ಒಳಗೆ ಹೋಗಜ್ಜಿ, ನೆಂದುಬಿಡ್ತೀಯ," ಎಂದಳು ಟೋರುನ್.

"ಹೋದ್ರೆ ಫೆರಿ ಹೋಗುತ್ತೆ ಕಣೇ. ಚೆನ್ನಾಗಿದೆ ನಿನ್ನ ಪೆಟ್ಟಿಗೆ. ಸತ್ತ ಮೇಲೆ ಮಲಗೋಕೆ ಆಗುತ್ತೆ."

ಆ ಚಳಿಗಾಲ ಅಜ್ಜಿ ಎದೆಗೆ ಕಫ ಕಟ್ಟಿ ಮೂರು ವಾರ ಹಾಸಿಗೆ ಹಿಡಿದಳು. ಟೋರುನ್‌ಗೆ ನಾಚಿಕೆಯಾಯಿತು, ನಿದ್ದೆ ಕೆಟ್ಟಿತು. ನಕ್ಷೆಗೆ ರುಜು ಹಾಕಿದವಳು ಅವಳೇ ತಾನೆ? ಉಪ್ಪು ತಿಂದವರು ನೀರು ಕುಡಿಯಲೇಬೇಕು. ಗೋಡೆ ಒಡೆದು ಕಿಟಕಿ ಇಡಿಸಲು ಅಪ್ಪಣೆ ಕೇಳಿ ಮೂರು ಸಲ ಜಿಲ್ಲಾ ಕಚೇರಿಗೆ ಬರೆದಳು. ಮೂರು ಸಲವೂ ಒಂದೇ ಉತ್ತರ: ಯೋಜನೆ ಯಶಸ್ವಿಯಾಗಿ ಮುಗಿದಿದೆ, ಮತ್ತೆ ತೆರೆಯುವ ಹಾಗಿಲ್ಲ.

ಸಾಲದ್ದಕ್ಕೆ, ವರ್ಷದ ಅತ್ಯುತ್ತಮ ಯೋಜನೆ ಎಂಬ ಬಹುಮಾನ ಬೇರೆ ಬಂತು. ಕೊಡಲು ಬರುವವನು ಜಿಲ್ಲೆಯ ಯೋಜನಾ ಮುಖ್ಯಸ್ಥ ಹಾಲ್ವರ್ ಬ್ರೆಕ್ಹುಸ್, ಮೂರು ಪತ್ರಕ್ಕೂ ರುಜು ಹಾಕಿದ ಪುಣ್ಯಾತ್ಮ.

"ಸಮಾರಂಭ ಕಾಯುವ ಕೋಣೆಯಲ್ಲೇ ಆಗಲಿ," ಎಂದಳು ಟೋರುನ್. ಆಮೇಲೆ ಮನೆಗೆ ಹೋಗಿ ಹೊಸ ಹಾಳೆ ಅಂಟಿಸಿದಳು. ಒಂದೂವರೆಗೆ ಭಾಷಣ. ಎರಡಕ್ಕೆ ಹತ್ತು ನಿಮಿಷ ಇರುವಾಗ ಕಾದ ಅಚ್ಚಿನಿಂದ ಆಗ ತಾನೆ ಎತ್ತಿದ, ಸಿಹಿ ದೋಸೆಯಂಥ ಬಿಸಿ ವಾಫಲ್, ಮೇಲೆ ಕಂದು ಚೀಸು. ಎರಡಕ್ಕೆ ಫೆರಿ.

ಹಾಲ್ವರ್ ಸಮಯಪಾಲನೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ. ಎರಡನೇ ವಾಫಲ್ ಮಡಿಸುತ್ತ ಕೇಳಿದ: "ಫೆರಿ ಬಂದ್ರೆ ಹೇಳ್ತೀರಲ್ಲ? ಮೂರಕ್ಕೆ ಆಚೆ ದಡದಲ್ಲಿ ಮೀಟಿಂಗ್ ಇದೆ."

"ಹೇಳೋದೇನು ಬಂತು ಹಾಲ್ವರ್, ವರ್ಷದ ಅತ್ಯುತ್ತಮ ಕಾಯುವ ಕೋಣೆ ಅಲ್ವಾ ಇದು? ಇನ್ನೊಂದು ತಗೊಳ್ಳಿ."

ಅವನು ಬಾಯಿ ಒರೆಸಿಕೊಂಡು ಹೊರಬಂದಾಗ ಫೆರಿ ಕೊಲ್ಲಿಯ ನಡುವೆ ಇತ್ತು. ಹಿಂಬದಿಯ ಕಂಬಿ ಹಿಡಿದು ನಿಂತ ಓಸ್‌ಲೌಗ್ ಅಜ್ಜಿ ಕೈ ಬೀಸಿದಳು.

"ಮುಂದಿನದು ಯಾವಾಗ?"

"ಎರಡು ಗಂಟೆ ಬಿಟ್ಟು," ಎಂದಳು ಟೋರುನ್. "ಒಳಗೆ ಕೂತು ಕಾಯ್ತೀರಾ?"

ಅದೂ ತಪ್ಪೀತೆಂದು ಹಾಲ್ವರ್ ಕೂರಲಿಲ್ಲ. ಕೋಣೆಯ ಹೊರಗೆ ಮಳೆಯಲ್ಲಿ, ಅಜ್ಜಿ ನಿಲ್ಲುವ ಜಾಗದಲ್ಲೇ ನಿಂತ. ಮುಕ್ಕಾಲು ಗಂಟೆಯಾದ ಮೇಲೆ, ಮೂಗು ಒರೆಸುತ್ತ, "ಎಲ್ರೀ ಆ ಕಿಟಕಿ ಅರ್ಜಿ?" ಎಂದ. ಅದು ಟೋರುನ್‌ಳ ಚೀಲದಲ್ಲೇ ಇತ್ತು, ಪೆನ್ನಿನ ಜೊತೆ.

ಕಿಟಕಿ ಮಾತ್ರ ತಡವಾಯಿತು. ಗಾಜು ಬರಲು ಆರು ವಾರ ಹೆಚ್ಚು ಹಿಡಿಯಿತು, ಗೋಡೆಯ ಹಾಳೆ ಪೂರಾ ಕೆಂಪಾಯಿತು, ಬಡಗಿಗಳು ಬಾಯಿತುಂಬ ಬೈದಾಡಿದರು. ಮುಂದಿನ ಚಳಿಗಾಲ, ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ, ಟೋರುನ್ ಕಾಫಿ ಫ್ಲಾಸ್ಕ್ ಹಿಡಿದು ಕಟ್ಟೆಗೆ ಹೋದಳು. ಅಜ್ಜಿ ಬೆಂಚಿನ ಮೇಲೆ ಷೂ ಬಿಚ್ಚಿ, ಕಾಲು ಚಾಚಿ ಕೂತಿದ್ದಳು.

"ಹೇಗಿದೆ ಅಜ್ಜಿ?"

"ಸೆಕೆ ಕಣೇ. ಬೈಯೋಕೂ ಏನೂ ಉಳಿಸಿಲ್ಲ ನೀನು."

ಯೋಜನೆಯ ಫಲವೇನು ಎಂದು ಬರೆಯಲು ಜಿಲ್ಲೆಯ ನಮೂನೆಯಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಟೋರುನ್ ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಸಾಲು ಬರೆದಳು: ಓಸ್‌ಲೌಗ್ ಒಳಗೆ ಕೂತಿದ್ದಾಳೆ.