ಜನರ ಕೈಗೆ ವೋಟಿನ ಚೀಟಿ ಕೊಟ್ಟಾಗ

ಮೊನ್ನೆ ಶುಕ್ರವಾರ ನನ್ನ ಗಂಡನ ಸಿನಿಮಾಕ್ಕೆ ನಾನು ವೋಟ್ ಹಾಕಲಿಲ್ಲ. (ಅವರು ಈ ಅಂಕಣ ತಪ್ಪದೆ ಓದುತ್ತಾರೆ. ಗೊತ್ತಿದ್ದೇ ಬರೆಯುತ್ತಿದ್ದೇನೆ.)

ಮಸ್ಕತ್ತಿನ ನಮ್ಮ ಕನ್ನಡ ಬಳಗ ವರ್ಷಕ್ಕೊಮ್ಮೆ ಕಿರುಚಿತ್ರ ಸ್ಪರ್ಧೆ ನಡೆಸುತ್ತದೆ. ಎಲ್ಲ ಮೊಬೈಲಿನಲ್ಲೇ ತೆಗೆದ ಪುಟ್ಟ ಸಿನಿಮಾಗಳು. ಇಷ್ಟು ವರ್ಷ ಮುಂದಿನ ಸಾಲಿನಲ್ಲಿ ಮೂವರು ಗಣ್ಯರು ಕೂತು ತೀರ್ಪು ಕೊಡುತ್ತಿದ್ದರು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಈ ಸಲ ಅದು ಬದಲಾಯಿತು. ಕಾರಣ, ಲಿನ್.

ಲಿನ್ ಚೀನಾದವಳು. ಆಫೀಸಿನಲ್ಲಿ ನನ್ನ ಪಕ್ಕದ ಸೀಟು. ಒಂದು ದಿನ ಊಟದ ಹೊತ್ತಿಗೆ ತನ್ನ ಅಮ್ಮನ ಸುದ್ದಿ ತೆಗೆದಳು. ಅಮ್ಮ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಅವರ ದೇಶದಲ್ಲಿ ಹೂವುಗಳ ಹೆಸರಿನ ಒಂದು ಸಿನಿಮಾ ಪ್ರಶಸ್ತಿಯಿದೆಯಂತೆ. ಗೆಲ್ಲಿಸುವವರು ಪ್ರೇಕ್ಷಕರೇ. ಆಗೆಲ್ಲ ವೋಟಿನ ಚೀಟಿ ಸಿನಿಮಾ ಪತ್ರಿಕೆಯಲ್ಲೇ ಅಚ್ಚಾಗುತ್ತಿತ್ತು. ಗಿರಣಿಯ ಹೆಂಗಸರು ಅದನ್ನು ಕತ್ತರಿಸಿಟ್ಟುಕೊಂಡು, ಯಾರಿಗೆ ಹಾಕುವುದೆಂದು ಜಗಳವಾಡಿ, ಕೊನೆಗೆ ಅಂಚೆಗೆ ಹಾಕುತ್ತಿದ್ದರಂತೆ. ಈಗ ಪದ್ಧತಿ ಬೇರೆಯಾದರೂ ಪ್ರೇಕ್ಷಕರ ವೋಟು ಉಳಿದಿದೆ. ಆ ಕಾಲದ ನಟಿಯೊಬ್ಬಳು ಟಿವಿಯಲ್ಲಿ ಬಂದರೆ ಸಾಕು, "ಇವಳನ್ನು ಗೆಲ್ಲಿಸಿದ್ದು ನಾನು" ಎಂದು ಅಮ್ಮ ಇಂದಿಗೂ ಮನೆಯವರಿಗೆಲ್ಲ ಹೇಳುತ್ತಾರಂತೆ.

ನನಗೆ ಹೊಟ್ಟೆಕಿಚ್ಚಾಯಿತು. ನಾವೇನು ಕಡಿಮೆ ಸಿನಿಮಾ ನೋಡಿದವರಾ? ಕ್ಯೂ ನಿಂತಿದ್ದೇವೆ, ಶಿಳ್ಳೆ ಹೊಡೆದಿದ್ದೇವೆ, ಕಟೌಟಿಗೆ ಹಾಲೆರೆದಿದ್ದೇವೆ. ಪ್ರಶಸ್ತಿ ಯಾರಿಗೆ ಕೊಡೋಣ ಅಂತ ನನ್ನನ್ನಂತೂ ಯಾರೂ ಕೇಳಿಲ್ಲ.

ಈ ಸಲ ತೀರ್ಪನ್ನು ಪ್ರೇಕ್ಷಕರ ವೋಟಿಗೇ ಬಿಡೋಣ ಎಂದು ಬಳಗದ ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಅಧ್ಯಕ್ಷ ಶೇಖರಣ್ಣನಿಗೆ ಹಿಡಿಸಲಿಲ್ಲ.

"ಜನ ಅವರವರ ಊರಿನವರಿಗೇ ಹಾಕ್ತಾರೆ ಮಾರಾಯ್ರೆ. ಇಲ್ಲಿ ಮಂಗಳೂರು, ಉಡುಪಿಯವರೇ ಜಾಸ್ತಿ. ಉಳಿದವರು ಎಂತ ಮಾಡ್ಬೇಕು?"

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೂ ಒಂದೇ ಒಂದು ಸಲ ನೋಡೋಣ ಎಂದೆ. ಗೊಣಗುತ್ತಲೇ ಒಪ್ಪಿದರು.

ನನ್ನ ಗಂಡ ಸುಧಾಕರ ಉಡುಪಿಯವರು. ಅವರ ಸಿನಿಮಾದಲ್ಲಿ ಡ್ರೋನ್ ಇತ್ತು, ಬೆಟ್ಟಗಳಿದ್ದವು, ಅಲ್ ಅಜೈಬಾದ ನಮ್ಮ ಬಿಲ್ಡಿಂಗಿನ ಅರ್ಧ ಜನ ಪಾತ್ರಧಾರಿಗಳಾಗಿದ್ದರು. (ಅಂದರೆ ವೋಟೂ ಗ್ಯಾರಂಟಿ.) ಆಮೇಲೆ ಬಂದದ್ದು ವಿಜಯಾ ಅವರ ಸಿನಿಮಾ. ಬಾಗಲಕೋಟೆಯವರು, ಇಲ್ಲಿನ ನಿಜ್ವಾ ಊರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್. ಶುರುವಾಗುವ ಮೊದಲೇ ಹೆಸರು ವಾಪಸ್ ತಗೊಳ್ಳುತ್ತೇನೆಂದು ನನ್ನ ಬಳಿ ಬಂದಿದ್ದರು. "ನಂದು ಸಿನಿಮಾ ಅಲ್ರೀ, ಮನೀ ವಿಡಿಯೋ" ಎಂದರು. ನಾನು ಬಿಡಲಿಲ್ಲ.

ಅದು ಅವರು ಡ್ರೈವಿಂಗ್ ಕಲಿತ ಕತೆ. ಮಗಳು ಹಿಂದಿನ ಸೀಟಿನಿಂದ ತೆಗೆದದ್ದು. ಸಾಲಾಗಿಟ್ಟ ಖಾಲಿ ಡ್ರಮ್ಮುಗಳ ನಡುವೆ ಕಾರು ರಿವರ್ಸ್ ತೆಗೆಯುವ ಇಲ್ಲಿನ ಪರೀಕ್ಷೆಯಲ್ಲಿ ಅಮ್ಮ ಫೇಲ್. ಮತ್ತೆ ಫೇಲ್. ಕಲಿಸುವವರು ನಿಟ್ಟುಸಿರುಬಿಟ್ಟು "ಖಲಾಸ್" ಎನ್ನುತ್ತಾರೆ. ಹಾಲ್ ತುಂಬ ನಗು. ಕೊನೆಗೆ ಲೈಸೆನ್ಸ್ ಸಿಕ್ಕಿ, ಖರ್ಜೂರದ ತೋಟಗಳ ನಡುವಿನ ರಸ್ತೆಯಲ್ಲಿ ಮಗಳನ್ನು ಸ್ಕೂಲಿಗೆ ಬಿಡಲು ಹೊರಡುತ್ತಾರೆ. ಸ್ಟಿಯರಿಂಗ್ ಹಿಡಿದ ಕೈ ಬಿಗಿಯಾಗಿದೆ. ಹಿಂದಿನಿಂದ ಮಗಳ ದನಿ: "ಅಮ್ಮಾ, ಯು ಕ್ಯಾನ್ ಬ್ರೀದ್ ನೌ."

ಯಾರೂ ನಗಲಿಲ್ಲ. ನನ್ನ ಅಕ್ಕಪಕ್ಕದ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಡ್ರಮ್ಮುಗಳ ಮುಂದೆ ಬೆವರದವರು ನಮ್ಮಲ್ಲಿ ಯಾರಿದ್ದಾರೆ?

ಚೀಟಿ ಎಣಿಸಿದ್ದು ಶೇಖರಣ್ಣನೇ. ವಿಜಯಾ ಗೆದ್ದಿದ್ದರು. ಬೇರೆ ಯಾರೂ ಹತ್ತಿರಕ್ಕೂ ಬಂದಿರಲಿಲ್ಲ. ಹಾಲಿನಲ್ಲಿದ್ದ ಬಾಗಲಕೋಟೆಯವರೆಂದರೆ ಅವರ ಮನೆಯವರು ಮಾತ್ರ. ಶೇಖರಣ್ಣ ಮೈಕ್ ಹಿಡಿದು, ತನ್ನ ಲೆಕ್ಕಾಚಾರ ತಪ್ಪಿತು ಎಂದು ಸಂತೋಷದಿಂದಲೇ ಒಪ್ಪಿಕೊಂಡರು. ಸುಧಾಕರ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀವು ಯಾರಿಗೆ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ.

ವಿಜಯಾ ವೇದಿಕೆ ಹತ್ತಿ ಮೈಕ್ ತೆಗೆದುಕೊಂಡರು. ಆಮೇಲೆ ಹೇಳಿದರು: "ಯಾರ್ ಹಾಕೀರಿ, ಯಾರ್ ಹಾಕಿಲ್ಲ ನಂಗ ಗೊತ್ತಿಲ್ಲ. ಅದಕ್ಕ ಎಲ್ಲಾರ್ಗೂ ನಮಸ್ಕಾರ ಮಾಡ್ತೀನಿ."

ಮೂವರೇ ತೀರ್ಪು ಕೊಡುತ್ತಿದ್ದಾಗ, ಗೆದ್ದ ಯಾರಾದರೂ ಹೀಗೆ ಇಡೀ ಹಾಲಿಗೆ ಕೈ ಮುಗಿದದ್ದುಂಟೇ?