ಅಲಗಿನ ಮೇಲಿನ ಬೊಟ್ಟು

ಟ್ರ್ಯಾಕ್ಟರಿನ ಬಲ ಮಡ್‌ಗಾರ್ಡಿಗೆ ಸೈಕಲ್ ಟ್ಯೂಬಿನಿಂದ ಬಿಗಿದ, ಉದ್ದಕ್ಕೆ ಸೀಳಿದ ಅರ್ಧ ಪೈಪು. ತಮಿಳುನಾಡಿನ ಬೋಡಿಯ ನಮ್ಮ ಮಾವಿನ ತೋಟದಲ್ಲಿ ಆ ಪುಟ್ಟ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಾಮಾ ಚೈನ್ ಗರಗಸವನ್ನು ಆ ಪೈಪಿನಲ್ಲಿ ಮಲಗಿಸಿ, ಅದರ ಹಲ್ಲುಗಳನ್ನು ತೊಡೆಯ ಪಕ್ಕದಲ್ಲೇ ಇಟ್ಟುಕೊಂಡು ಹೋಗುತ್ತಿದ್ದರು. ಕವರು ಹಾಕಿದರೆ ಆಯುಧಪೂಜೆಯಲ್ಲಿ ಅಲಗಿಗೆ ಇಟ್ಟ ಕುಂಕುಮ ಅಳಿಸುತ್ತದಂತೆ.

"ಕಾಲು ಹೋಗ್ತದೆ ಮಾಮಾ, ಕವರು ಹಾಕಿ."

"ಏನೂ ಆಗಾದು ತಾಯಿ, ಸಾಮಿ ಬೊಟ್ಟು ಐತಲ್ಲ."

ಹೇಳಿ ಹೇಳಿ ನನಗೆ ಸಾಕಾಗಿತ್ತು.

ಒಂದು ಸಂಜೆ ಕಾಲುವೆಯ ಏರಿ ಹತ್ತುವಾಗ ಟ್ರ್ಯಾಕ್ಟರ್ ಕುಲುಕಿ ಗರಗಸ ಜಾರಿತು. ಅವರ ಪಂಚೆ ತೊಡೆಯಿಂದ ಮೊಣಕಾಲಿನವರೆಗೆ ಸೀಳಿತು. ಇಳಿದವರು ಮೊದಲು ನೋಡಿದ್ದು ಕಾಲನ್ನಲ್ಲ, ಕುಂಕುಮವನ್ನು.

"ವೇಷ್ಟಿ ತಾನೇ ಹೋಯ್ತು, ಏನೂ ಆಗಾದು ಅಂದಿಲ್ವಾ!"

ಮರುದಿನ ಬೆಳಿಗ್ಗೆ ಅವರು ಬರುವ ಮೊದಲೇ ನಾನು ಗರಗಸಕ್ಕೆ ಕವರು ತೊಡಿಸಿ, ಆ ಕವರಿನ ಮೇಲೆ ಇನ್ನೂ ದೊಡ್ಡದೊಂದು ಬೊಟ್ಟು ಇಟ್ಟೆ.