ಉಡಿಯ ಅಕ್ಕಿ

ಚಿಗವ್ವನ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಗೆರೆ ಇತ್ತು. ನೆಟ್ಟಗೆ, ಆಳವಾಗಿ, ನೂಲು ಓಡಿ ಓಡಿ ಕೊರೆದ ಗೆರೆ. ಚಿಕ್ಕವಳಿದ್ದಾಗ ನಾನು ಅದರೊಳಗೆ ನನ್ನ ಉಗುರಿಟ್ಟು ಆಡುತ್ತಿದ್ದೆ. "ಕೈ ಕೆಸರಾದ್ರ ಬಾಯಿ ಮೊಸರು ಅಂತಾರವ್ವಾ. ನನ್ನ ಕೈ ನೂಲಾಗಿ ಇಪ್ಪತ್ತು ವರ್ಷಾತು. ಮೊಸರು ಎಲ್ಲಿ ಐತಿ, ನೀನರ ಹುಡುಕಿ ಕೊಡು" ಎಂದು ನಗುತ್ತಿದ್ದಳು.

ಆಕೆ ನಮಗೆ ಬಳಗವೇನಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಮ್ಮ ಎದುರು ಮನೆಯವಳು. ಅವ್ವ ತಂಗಿ ಎಂದು ಕರೆಯುತ್ತಿದ್ದುದರಿಂದ ನನಗೆ ಚಿಗವ್ವ ಆದಳು. ಅವಳ ಗಂಡ, ನಮ್ಮೆಲ್ಲರ ಕಾಕಾ, ಸೀರೆ ನೇಯುತ್ತಿದ್ದ. ಕಣ್ಣು ಮಂಜಾದ ಮೇಲೆ ಅವನ ಮಗ್ಗ ನಿಂತಿತು. ಒಬ್ಬಳೇ ಮಗಳನ್ನು ಹತ್ತಿರದ ಸೂಡಿ ಊರಿಗೆ ಮದುವೆ ಮಾಡಿ ಕೊಟ್ಟಾಗಿತ್ತು. ಚಿಗವ್ವ ಊರಿನವರ ಮಗ್ಗಗಳಿಗೆ ರಾಟೆಯಲ್ಲಿ ನೂಲು ಸುತ್ತಿಕೊಟ್ಟು ಮನೆ ನಡೆಸಿದಳು. ಅದು ಸಾಲದ ಕಡೆ ರೇಷನ್ ಅಕ್ಕಿ ಇತ್ತು.

ಅಕ್ಕಿ ತರುವ ದಿನ ಆಕೆಯ ನಡಿಗೆ ನೋಡಬೇಕಿತ್ತು. ಓಣಿಯ ಉಳಿದ ಹೆಂಗಸರು ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಸಂದಿಯಿಂದ ಬರುತ್ತಿದ್ದರು. ಚಿಗವ್ವ ಮಾತ್ರ ಚೀಲವನ್ನು ತಲೆಯ ಮೇಲೆ ಹೊತ್ತು, ಪೇಟೆಯ ನಟ್ಟನಡುವೆ, ಎದುರಾದವರನ್ನೆಲ್ಲ ಮಾತಾಡಿಸುತ್ತ ಬರುತ್ತಿದ್ದಳು. ನಾನು ಒಮ್ಮೆ ಕೇಳಿದ್ದಕ್ಕೆ, "ಕದ್ದ ಮಾಲಲ್ಲ, ಯಾಕ ಮುಚ್ಚಲಿ?" ಎಂದಿದ್ದಳು.

ನಮ್ಮ ಮನೆಯ ಕಟ್ಟೆಯವರಿಗೆ ಅದು ಸಹನೆಯಾಗುತ್ತಿರಲಿಲ್ಲ. ಅಪ್ಪ ಮತ್ತು ಅವನ ನಾಲ್ಕು ಮಂದಿ ಗೆಳೆಯರು ಬೆಳಗಿನ ಚಹಾದಿಂದ ಮಧ್ಯಾಹ್ನದ ರೊಟ್ಟಿಯವರೆಗೆ ಅಲ್ಲೇ ಕೂತು ದೇಶದ ಚಿಂತೆ ಮಾಡುವವರು. "ಪುಕ್ಕಟ ಅಕ್ಕಿ ಬಂದು ಮಂದಿ ಮೈಗಳ್ಳರಾದ್ರು. ಕುಂತು ಉಣ್ಣಾವರಿಗೆ ಕುಡಿಕಿ ಹೊನ್ನು ಸಾಲೂದಿಲ್ಲ" ಎಂದು ಅಪ್ಪ ಗೋಡೆಗೆ ಒರಗಿ ಕೂತೇ ಹೇಳುತ್ತಿದ್ದ. ಎದುರು ಮನೆಯಿಂದ ಚಿಗವ್ವನ ರಾಟೆಯ ಸದ್ದು ಬೆಳಗಿನ ಐದರಿಂದ ಕೇಳುತ್ತಲೇ ಇರುತ್ತಿತ್ತು. ಆ ಸದ್ದಿನ ಮೇಲೆಯೇ ಇವರು ಮಾತಾಡಬೇಕಾಗಿದ್ದರಿಂದ ದನಿ ಏರಿಸುತ್ತಿದ್ದರು. ಆಕೆಗೆ ಎಲ್ಲವೂ ಕೇಳಿಸುತ್ತಿತ್ತು. ಕಟ್ಟೆಯವರಿಗೆ ನೀರು ಬೇಕಾದರೆ ತಂಬಿಗೆ ತಂದುಕೊಡುತ್ತಿದ್ದವಳೂ ಆಕೆಯೇ.

ಮೂರು ವರ್ಷದ ಹಿಂದೆ ನನ್ನ ಕುಬಸ ಆಯಿತು. ಏಳು ತಿಂಗಳ ಬಸುರಿಗೆ ತವರಿನಲ್ಲಿ ಹಸಿರು ಸೀರೆ ಉಡಿಸಿ, ಮುತ್ತೈದೆಯರು ಒಬ್ಬೊಬ್ಬರಾಗಿ ಸೆರಗಿನೊಳಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುತ್ತಾರೆ. ಆ ಅಕ್ಕಿಯನ್ನು ಬಸುರಿಯೇ ಉಣ್ಣಬೇಕು. ನರಗುಂದದಿಂದ ನನ್ನ ಅತ್ತೆಯವರೂ ಬಂದಿದ್ದರು. ಚಿಗವ್ವ ತನ್ನ ಮದುವೆಯ ಸೀರೆ ಉಟ್ಟು, ಹಿತ್ತಾಳೆಯ ತಾಟಿನಲ್ಲಿ ಎಲ್ಲ ಹೊಂದಿಸಿ ತಂದು, ಐದು ಸಲ ಬೊಗಸೆ ತುಂಬಿ ಹಾಕಿದಳು. ಐದನೆಯ ಬೊಗಸೆಗೆ ಆಕೆಯ ಕಣ್ಣಲ್ಲಿ ನೀರಿತ್ತು.

ಈಗ ರೇಷನ್ ಅಕ್ಕಿಯಲ್ಲಿ ಪುಷ್ಟಿಗೆಂದು ಬೆರೆಸಿದ ಕಾಳುಗಳು ಬರುತ್ತವೆ. ಕೊಂಚ ಹಳದಿ ಬಣ್ಣ. ನಮ್ಮ ಕಡೆ ಮಂದಿ ಅವನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಹೆದರುತ್ತಾರೆ. ಅಂಥದೊಂದು ಕಾಳು ನನ್ನ ಉಡಿಯಲ್ಲಿ ಅತ್ತೆಯ ಕಣ್ಣಿಗೆ ಬಿತ್ತು. ಅವರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಚುಕಿ ನೋಡಿದರು.

"ಇದು ರೇಷನ್ ಅಕ್ಕಿ ಅಲ್ಲೇನ್ರಿ?"

"ಹೌದ್ರಿ. ಆ ಕಾಳೆಲ್ಲಾ ಆರಿಸೀನ್ರಿ, ಮೂರು ದಿವಸ ಕುಂತು ಆರಿಸೀನಿ" ಎಂದಳು ಚಿಗವ್ವ. "ಒಂದೆರಡು ಉಳಿದಿರಬೇಕು. ಕಣ್ಣು ಮೊದಲಿನಂಗ ಇಲ್ಲ."

"ಆರಿಸಿದ್ರ ಏನಾತ್ರಿ? ಸರ್ಕಾರದ ಮುಂದ ಕೈಯೊಡ್ಡಿ ತಂದದ್ದು ಚೊಚ್ಚಿಲ ಬಸರಿ ಉಡಿಗೆ ಬರತೈತೇನು? ಸುರಿಯವ್ವಾ ಅದನ್ನ."

ನಾನು ಸುರಿದೆ. ಅಡ್ಡ ಮಾತಾಡದೆ, ಬಗ್ಗಿ, ಮುಂದಿದ್ದ ಮೊರದೊಳಗೆ ಸೆರಗನ್ನು ಸಡಿಲು ಬಿಟ್ಟೆ. ರೋಣದ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಎಲ್ಲರೂ ಸಮಾನರು ಎಂದು ಪಾಠ ಹೇಳುವವಳು ನಾನು. ಅವ್ವ ಅಡುಗೆ ಮನೆಗೆ ಹೋದಳು. ಚಿಗವ್ವ ಕೆಳಗೆ ಕೂತು, ಮೊರದ ಅಕ್ಕಿಯನ್ನೂ ನೆಲಕ್ಕೆ ಬಿದ್ದ ಕಾಳುಗಳನ್ನೂ ತನ್ನ ಸೆರಗಿಗೆ ಬಳಿದುಕೊಂಡಳು. "ನಂದ ತಪ್ಪಾತ್ರಿ" ಎಂದು ಅತ್ತೆಗೆ ಹೇಳಿ ಎದ್ದಳು. ಊಟಕ್ಕೆ ನಿಲ್ಲಲಿಲ್ಲ.

ಅತ್ತೆ ಕೆಟ್ಟವರಲ್ಲ. ನನ್ನ ಬಾಣಂತನದಲ್ಲಿ ರಾತ್ರಿಯೆಲ್ಲ ಎದ್ದು ಕೂತವರು. ಅವರ ಹೊಲಕ್ಕೆ ಕಾಲುವೆಯ ನೀರು ಬರುತ್ತದೆ, ಬೆಳೆ ಕೆಟ್ಟ ವರ್ಷ ಪರಿಹಾರ ಬರುತ್ತದೆ. ನನ್ನ ಸಂಬಳವೂ ಸರ್ಕಾರದ್ದೇ. ಈಗ ಬಸ್ಸಿನಲ್ಲಿ ನನಗೂ ಪುಕ್ಕಟೆ ಟಿಕೆಟ್. ಇಷ್ಟೆಲ್ಲ ತಿಂದು ಉಟ್ಟು ತಿರುಗುವ ನಮ್ಮನ್ನು ಯಾರೂ ಬೆರಳಲ್ಲಿ ಹಿಚುಕಿ ನೋಡಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆ ದಿನ ಆಗಬೇಕಿತ್ತು.

ಅಂದಿನಿಂದ ಚಿಗವ್ವ ಪೇಟೆಯ ನಡುವೆ ಬರುವುದನ್ನು ಬಿಟ್ಟಳು. ಚೀಲಕ್ಕೆ ಹಳೆಯ ಸೀರೆ ಸುತ್ತಿ, ಹಿಂದಿನ ಸಂದಿಯಿಂದ, ಗೋಡೆ ಹಿಡಿದು ಬರುತ್ತಾಳೆಂದು ಅವ್ವ ಫೋನಿನಲ್ಲಿ ಹೇಳಿದಳು. ಅರಿಶಿನ ಕುಂಕುಮಕ್ಕೆ ಕರೆದರೆ ಬರುತ್ತಿದ್ದಳು. ಉಡಿ ತುಂಬುವ ಹೊತ್ತಿಗೆ ಮಾತ್ರ "ನನ್ನ ಕೈ ಎಣ್ಣಿ ಆಗೈತ್ರಿ" ಎಂದು ಹಿಂದೆ ಸರಿಯುತ್ತಿದ್ದಳು. ನನ್ನ ಮಗಳು ಹುಟ್ಟಿದಾಗ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿದ ಸಣ್ಣ ಕೌದಿ ತಂದಳು. ಕೂಸಿಗೆ ಹೊದಿಸುವ ಮೊದಲು ನನ್ನ ಮುಖ ನೋಡಿ, "ಇದಕ್ಕ ಅಂಜಬ್ಯಾಡ. ಇದು ನನ್ನ ಕೈದು, ಸರ್ಕಾರದ್ದಲ್ಲ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಆಕೆ ಕೆಮ್ಮು ಹತ್ತಿ ಹಾಸಿಗೆ ಹಿಡಿದಳು. ದವಾಖಾನೆಯವರು ಮನೆಗೆ ಕಳಿಸಿದ್ದರು. ಒಂದು ರವಿವಾರ ಹೋಗಿ ಪಕ್ಕದಲ್ಲಿ ಕೂತೆ. ರಾಟೆಯ ಮೇಲೆ ಚಾದರ ಮುಚ್ಚಿತ್ತು. ಕುಬಸದ ದಿನದಿಂದ ನುಂಗಿಕೊಂಡಿದ್ದ ಮಾತು ಹೇಗೋ ಹೊರಬಂತು.

"ಚಿಗವ್ವಾ, ನನ್ನ ಉಡಿ ತುಂಬು."

"ಮನ್ಯಾಗ ಅವ ರೇಷನ್ ಅಕ್ಕಿ ಅದಾವಲ್ಲವ್ವಾ."

"ಅವ ಹಾಕು."

ಆಕೆ ಗೆರೆ ಬಿದ್ದ ಬೆರಳಿನಿಂದ ನನ್ನ ಸೆರಗಿನ ಅಂಚು ಸವರಿದಳು. "ಈಗ ಬ್ಯಾಡ. ಅರಾಮಾಗಲಿ, ಪ್ಯಾಟಿ ಅಕ್ಕಿ ತರಿಸಿ ತುಂಬತೀನಿ. ನೀ ಮತ್ತ ಮಂದಿ ಮುಂದ ಬಗ್ಗಿ ಸುರಿಯೂದು ಬ್ಯಾಡ" ಎಂದಳು. ಅಷ್ಟು ವರ್ಷ ಆಕೆ ಮರುಗಿದ್ದು ನನಗಾಗಿ ಎಂದು ನನಗೆ ಆಗ ಗೊತ್ತಾಯಿತು. ನಾನು ಅಳತೊಡಗಿದೆ, ಆಕೆ ಸಮಾಧಾನ ಮಾಡಿದಳು.

ಎಂಟು ದಿನಕ್ಕೆ ಸುದ್ದಿ ಬಂತು. ಅತ್ತೆ ಆಗ ರೋಣದಲ್ಲಿ ನಮ್ಮಲ್ಲೇ ಇದ್ದರು, ನನ್ನ ಜೊತೆಗೆ ಬಂದರು. ಚಿಗವ್ವನ ಹಣೆಗೆ ಕುಂಕುಮ ಹಚ್ಚಿ, ಕೈಗೆ ಹಸಿರು ಬಳೆ ಇಟ್ಟಿದ್ದರು. ಮುತ್ತೈದೆ ಸತ್ತರೆ ಉಡಿ ತುಂಬಿಯೇ ಕಳಿಸಬೇಕು. ಯಾರೋ ಅಂಗಡಿಗೆ ಅಕ್ಕಿಗೆ ಹೊರಟರು. ಮೂಲೆಯಲ್ಲಿ ಕೂತಿದ್ದ ಕಾಕಾ ಅವರನ್ನು ತಡೆದ.

"ಆ ಗಡಿಗ್ಯಾಗ ಅದಾವ ನೋಡ್ರಿ. ಆರಿಸಿಟ್ಟಾಳ."

ಗಡಿಗೆಯ ಅಕ್ಕಿ ಬೆಳ್ಳಗಿತ್ತು. ಪಕ್ಕದ ಸಣ್ಣ ಡಬ್ಬಿಯ ತುಂಬ ಹಳದಿ ಕಾಳುಗಳಿದ್ದವು. "ತಿಂಗಳಾ ಆರಿಸತಿದ್ಲು" ಎಂದ ಕಾಕಾ. "ಯಾರ ಉಡಿಗೆ ಅಂತ ಕೇಳಿದ್ರ, ಇರಲಿ, ಯಾರಿಗರ ಬೇಕಾದೀತು ಅಂತಿದ್ಲು."

ನಾನು ಬೊಗಸೆ ಮಾಡಿ ಆಕೆಯ ಸೆರಗಿನಲ್ಲಿ ಐದು ಸಲ ತುಂಬಿದೆ. ಅತ್ತೆ ಹತ್ತಿರ ಬಗ್ಗಿ ಮೆಲ್ಲಗೆ, "ಯಾವ ಅಕ್ಕಿ ಇವು?" ಎಂದು ಕೇಳಿದರು.

"ರೇಷನ್ ಅಕ್ಕಿ" ಎಂದೆ. "ಆಕೀವು."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಮಣ್ಣು ಮುಗಿಸಿ ಬಂದ ಮೇಲೆ ನೋಡಿದರೆ ಗಡಿಗೆಯ ತಳದಲ್ಲಿ ಇನ್ನೊಂದು ಬೊಗಸೆ ಅಕ್ಕಿ ಉಳಿದಿತ್ತು. ತನ್ನ ಉಡಿಯನ್ನು ತಾನೇ ತುಂಬಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಕಾಕಾನನ್ನು ಕೇಳಿ, ಸೆರಗು ಹಿಡಿದು ಅದನ್ನು ಸುರುವಿಕೊಂಡೆ. ಗಂಟು ಹಾಕಿಕೊಂಡು, ಪೇಟೆಯ ನಟ್ಟನಡುವೆ ನಡೆದು ಬಸ್ಸು ಹತ್ತಿದೆ.